ಕುರಿಯ ಕೊರಳಿಗೆ ಕಟುಕನ ಬೋರ್ಡು

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಮಳೆಮರ ಇದೆ. ಇಬ್ಬರು ಕೈ ಚಾಚಿದರೂ ತಬ್ಬಲು ಆಗದಷ್ಟು ದಪ್ಪ. ಅದರ ಮೈಮೇಲೆ, ನೆಲದಿಂದ ಏಳಡಿ ಎತ್ತರದಲ್ಲಿ, ಹಳದಿ ತಗಡಿಗೆ ಕೆಂಪಕ್ಷರದ ಬೋರ್ಡು: 'ಮರ ಕಡಿಯಲಾಗುವುದು. ಕೊಂಬೆ ಕತ್ತರಿಸಲಾಗುವುದು. ಪರ್ಮಿಷನ್ ತಲೆನೋವು ನಮಗೆ ಬಿಡಿ.' ಕೆಳಗೆ ಮೊಬೈಲ್ ನಂಬರು. ನಾಲ್ಕು ಮೂಲೆಗೆ ನಾಲ್ಕು ಮೊಳೆ.

ಕುರಿಯ ಕೊರಳಿಗೇ ಕಟುಕನ ಬೋರ್ಡು ನೇತುಹಾಕಿದ ಹಾಗಾಯಿತು. ಕುರಿಗಾದರೆ ದಾರದಲ್ಲಿ ಕಟ್ಟುತ್ತಿದ್ದರು, ಮೊಳೆ ಹೊಡೆಯುತ್ತಿರಲಿಲ್ಲ.

ಈ ಬೋರ್ಡು ನೋಡಿ ದಿನಾ ಹೊಟ್ಟೆ ಉರಿದುಕೊಳ್ಳುವವನು ನನ್ನ ಸೋದರಳಿಯ. ಉರಿಗೆ ಎರಡು ಕಾರಣ. ಒಂದು, ಅವನಿಗೆ ಮರ ಅಂದರೆ ಪ್ರಾಣ. ಎರಡು, ಆ ಬೋರ್ಡಿನವನಿಗೆ ದಿನಕ್ಕೆ ಹತ್ತು ಫೋನ್ ಬರುತ್ತದೆ, ಇವನಿಗೆ ವಾರಕ್ಕೊಂದು. ಅದೂ ಅವರಮ್ಮನದು, ಅಂದರೆ ನಮ್ಮ ಅಕ್ಕನದು. "ಊಟ ಆಯ್ತೇನೋ?"

ಹುಡುಗ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದವನು. ಬೆಂಗಳೂರಿಗೆ ಬಂದು ಮರದ ಆರೈಕೆ ಮಾಡುವ ಸಣ್ಣ ಬಿಸಿನೆಸ್ ಶುರು ಮಾಡಿದ. ಬಂಡವಾಳ ಅಂದರೆ ಒಂದು ಉದ್ದದ ಹಗ್ಗ, ಸೊಂಟಕ್ಕೆ ಕಟ್ಟುವ ಬೆಲ್ಟು, ಹೆಲ್ಮೆಟ್ಟು, ಮೂರು ಕೈಗರಗಸ, ಒಬ್ಬ ಸಹಾಯಕ, ಒಂದು ಹಳೇ ಸ್ಕೂಟರ್. ಒಣಗಿದ ಕೊಂಬೆ ತೆಗೆಯುತ್ತಾನೆ, ಗೆದ್ದಲು ಹಿಡಿದಿದೆಯಾ ನೋಡುತ್ತಾನೆ, ಬುಡಕ್ಕೆ ಬಿಗಿದ ಸಿಮೆಂಟು ಒಡೆಯುತ್ತಾನೆ. ಮರಕ್ಕೆ ಏನೂ ಆಗಿಲ್ಲದಿದ್ದರೆ 'ಏನೂ ಆಗಿಲ್ಲ, ಸುಮ್ನೆ ಬಿಡಿ' ಅನ್ನುತ್ತಾನೆ. ಅವನನ್ನು ಹಾಳು ಮಾಡಿರುವುದು ಈ ಕೊನೆಯ ಚಟವೇ.

ಒಂದು ಭಾನುವಾರ ಬಂದು ಕೂತ. "ಮಾವ, ನಿಯತ್ತಾಗಿ ಪ್ರಚಾರ ಮಾಡೋದು ಹೇಗೆ?"

ಕಾಫಿ ನೆತ್ತಿಗೇರಿತು. ನಿಯತ್ತು, ಪ್ರಚಾರ ಎರಡೂ ಪದ ಒಂದೇ ವಾಕ್ಯದಲ್ಲಿ ಕೇಳಿದ್ದು ನನಗೆ ಅದೇ ಮೊದಲು. ಆದರೂ ಅಳಿಯ, ಕೈಬಿಡೋಕಾಗುತ್ತಾ? ಶರ್ಟು ಹಾಕಿಕೊಂಡು ಜೊತೆಗೆ ಹೊರಟೆ.

ಮೊದಲು ಹೋಗಿದ್ದು ಪ್ರಿಂಟಿಂಗ್ ಪ್ರೆಸ್ಸಿಗೆ. ಪಾಂಪ್ಲೆಟ್ಟಿಗೆ ಬೇಕಾದ ಮಾತನ್ನು ಅಳಿಯ ತಾನೇ ಬರೆದುಕೊಂಡು ಬಂದಿದ್ದ: 'ನಿಮ್ಮ ಮರ ಬಹುಶಃ ಚೆನ್ನಾಗಿಯೇ ಇದೆ. ಬಂದು ನೋಡಿ ಹೇಳುತ್ತೇವೆ. ನೋಡುವುದಕ್ಕೆ 500 ರೂಪಾಯಿ. ಕಡಿಯಲೇಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.'

ಪ್ರೆಸ್ಸಿನ ಯಜಮಾನರು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಎರಡು ಸಲ ಓದಿದರು. "ಇದು ಜಾಹೀರಾತಾ, ಕ್ಷಮಾಪಣೆ ಪತ್ರಾನಾ?" ಅಂದರು. ಆಮೇಲೆ ಹೊಸಬನ ಮೇಲೆ ಕನಿಕರ ಬಂದು, ಫ್ರೀಯಾಗಿ ತಿದ್ದಿಕೊಟ್ಟರು: 'ಎಚ್ಚರ! ನಿಮ್ಮ ಮನೆ ಮುಂದಿನ ಮರ ಇಂದು ರಾತ್ರಿಯೇ ಬೀಳಬಹುದು!' ಪಕ್ಕದಲ್ಲಿ ಅಪ್ಪಚ್ಚಿಯಾದ ಕಾರಿನ ಫೋಟೋ. "ಏಪ್ರಿಲಲ್ಲಿ ಹಂಚಿ ಸಾರ್. ಮೊದಲ ಗಾಳಿಮಳೆ ಬರೋ ಹೊತ್ತಿಗೆ ನಿಮಗೆ ಪುರುಸೊತ್ತು ಇರಲ್ಲ."

ಅಳಿಯ ಒಪ್ಪಲಿಲ್ಲ. ಬೀಳದ ಮರಕ್ಕೆ ಬೀಳುತ್ತೆ ಅಂತ ಹೇಳೋದು ಸುಳ್ಳು ಅಂದ. ಅದರ ಮೇಲೆ ಸಾವಿರಗಟ್ಟಲೆ ಹಾಳೆ ದಿನಪತ್ರಿಕೆಯೊಳಗೆ ಸೇರಿ ಕಸದ ಬುಟ್ಟಿಗೆ ಹೋಗುವುದನ್ನು ನೆನೆದು ಅವನಿಗೆ ಇನ್ನೂ ಸಂಕಟ. ಕಾಗದ ಯಾವುದರಿಂದ ಮಾಡ್ತಾರೆ ಗೊತ್ತಲ್ವಾ ಅಂತ ನನ್ನನ್ನೇ ಕೇಳಿದ. ಪ್ರೆಸ್ಸಿನಲ್ಲಿ ನಿಂತು ಕೇಳುವ ಪ್ರಶ್ನೆಯಾ ಇದು?

"ಹೋಗಲಿ, ಎಲ್ಲರ ಹಾಗೆ ನೀನೂ ಒಂದು ಬೋರ್ಡು ಮಾಡಿಸಿ ಮರಕ್ಕೆ ಹೊಡಿ" ಅಂದೆ, ಕೆಣಕೋಕೆ. ಮೂರು ದಿನ ಮಾತು ಬಿಟ್ಟ.

ನಾನು ಹೇಳಿದ್ದರಲ್ಲಿ ಹೊಸದೇನೂ ಇಲ್ಲ. ತೋಟಗಾರಿಕೆ ತಜ್ಞ ಕ್ರುಂಬಿಗಲ್ ಸಾಹೇಬರು ಜರ್ಮನಿಯಿಂದ ಬಂದು, 1908ರಲ್ಲಿ ಲಾಲ್‌ಬಾಗ್ ಸೇರಿ, ಊರಿನ ರಸ್ತೆಗಳಿಗೆ ಲೆಕ್ಕ ಹಾಕಿ ಮರ ಆರಿಸಿದರಂತೆ. ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಬಣ್ಣ ಇರಬೇಕು. ಅವರ ಆಸೆ ನೆರವೇರಿದೆ. ಈಗ ನಮ್ಮ ಮರಗಳು ವರ್ಷವಿಡೀ ಬಿಡುತ್ತವೆ. ಏಪ್ರಿಲಿನಲ್ಲಿ ಬೇಸಿಗೆ ಶಿಬಿರ ಬಿಡುತ್ತದೆ. ಅದು ಉದುರುವ ಮೊದಲೇ ಟ್ಯೂಷನ್ ಮೊಗ್ಗು. ಜೂನ್, ಜುಲೈನಲ್ಲಿ 'ಹುಡುಗರಿಗೆ ಪಿಜಿ, ಮೂರು ಹೊತ್ತು ಊಟ' ಗೊಂಚಲು ಗೊಂಚಲು. ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ, ನವೆಂಬರಿಗೆ ರಾಜ್ಯೋತ್ಸವ. ಮೂಲವ್ಯಾಧಿ, ಬೋರ್‌ವೆಲ್, ವಾಟರ್ ಫಿಲ್ಟರ್ ರಿಪೇರಿ ಮಾತ್ರ ನಿತ್ಯಹರಿದ್ವರ್ಣ. ಅವಕ್ಕೆ ಕಾಲದ ಹಂಗಿಲ್ಲ.

1980ರ ದಶಕದ ಮೊದಲಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಮತ್ತವರ ಜೊತೆಗಾರರು ಇದೇ ಊರಿನ ಬೀದಿಗಳಲ್ಲಿ 15 ಲಕ್ಷ ಗಿಡ ನೆಟ್ಟರು. ದನ ತಿನ್ನದ ಹಾಗೆ ಕಾವಲು ಕಟ್ಟಿ, ನೀರು ಹಾಕಿ ಬೆಳೆಸಿದರು. ತಾವು ನೆಡುತ್ತಿರುವುದು 15 ಲಕ್ಷ ಬಾಡಿಗೆಯಿಲ್ಲದ ಜಾಹೀರಾತು ಕಂಬ ಅಂತ ಪಾಪ, ಅವರಿಗೆ ಯಾರಾದರೂ ಹೇಳಬೇಕಿತ್ತು.

ಕಾನೂನು ಇಲ್ಲವಾ ಅಂತ ಕೇಳಬೇಡಿ. ಬೇಕಾದಷ್ಟಿದೆ. 1976ರದ್ದು ಮರಗಳ ಸಂರಕ್ಷಣೆಗೆ. 1981ರದ್ದು ಸಾರ್ವಜನಿಕ ಜಾಗದ ಅಂದಗೆಡಿಸುವುದರ ವಿರುದ್ಧ. ಗೋಡೆ, ಕಂಬ, ಬೇಲಿಯ ಜೊತೆ ಅದರಲ್ಲಿ ಮರದ ಹೆಸರೂ ಇದೆ. ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ. ಆದರೆ ಅಪರಾಧಿಯನ್ನು ಹುಡುಕುವುದೇ ಕಷ್ಟವಂತೆ. ಮನೆಗೆ ಕನ್ನ ಹಾಕಿದವನು ಬೆರಳಚ್ಚು ಬಿಟ್ಟು ಹೋದರೆ ಸಾಕು, ಹಿಡಿಯುತ್ತಾರೆ. ಇಲ್ಲಿ ಅವನು ಹೆಸರು, ವಿಳಾಸ, ಎರಡು ಮೊಬೈಲ್ ನಂಬರು, 'ವಾಟ್ಸಾಪ್ ಕೂಡ ಮಾಡಬಹುದು' ಎಂದು ಬರೆದು ಹೋಗಿದ್ದಾನೆ. ಇಷ್ಟು ಕಮ್ಮಿ ಸುಳಿವಿನಲ್ಲಿ ಪತ್ತೆ ಮಾಡೋದು ಹೇಗೆ? 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಮೊದಲು ಒಂದು ಕಚೇರಿಯಲ್ಲಿ 'ಇದು ನಮಗೆ ಬರಲ್ಲ' ಅನ್ನುತ್ತಿದ್ದರು. ಈಗ ಆಯ್ಕೆ ಜಾಸ್ತಿ.

ನಾಲ್ಕನೇ ದಿನ ಅಳಿಯನ ಕೋಪ ಇಳಿಯಿತು. ಯಾರೋ ಹೇಳಿದರು ಅಂತ ಡಿಜಿಟಲ್ ಮಾರ್ಕೆಟಿಂಗ್ ಮಾಡುವ ಹುಡುಗನೊಬ್ಬನ ಹತ್ತಿರ ಹೋದೆವು. ಗಡ್ಡ ಬಿಟ್ಟ ಒಳ್ಳೆ ಹುಡುಗ. ಪ್ಯಾಕೇಜ್ ತೋರಿಸಿದ. ಐವತ್ತು ರಿವ್ಯೂಗೆ ಇಷ್ಟು, ನೂರಕ್ಕೆ ಇಷ್ಟು, ಎಲ್ಲಕ್ಕೂ ಐದೈದು ನಕ್ಷತ್ರ. ಸ್ಯಾಂಪಲ್ ಓದಿದ: "ತುಂಬಾ ರುಚಿಯಾಗಿತ್ತು. ಬಿಸಿಬಿಸಿಯಾಗಿ ಮನೆಗೇ ತಂದುಕೊಟ್ಟರು. ಫ್ಯಾಮಿಲಿ ಜೊತೆ ಮತ್ತೆ ಬರುತ್ತೇವೆ."

"ಇದು ಮರದ ಕೆಲಸ ಅಲ್ವಾ?" ಅಂದೆ.

"ನಕ್ಷತ್ರ ಮುಖ್ಯ ಅಂಕಲ್. ಕೆಳಗಿನದನ್ನು ಯಾರು ಓದ್ತಾರೆ?"

ಅಳಿಯ ನಿಜವಾದ ಗಿರಾಕಿಗಳ ಮಾತು ಮಾತ್ರ ಹಾಕಬೇಕು ಅಂತ ಹಟ ಹಿಡಿದ. ಎಷ್ಟು ಜನ ಇದ್ದಾರೆ ಅಂತ ಹುಡುಗ ಕೇಳಿದ. ಹನ್ನೊಂದು. ಅದರಲ್ಲಿ ನಾನೂ ಒಬ್ಬ. ನಮ್ಮ ಮನೆಯಲ್ಲಿರುವುದು ಕುಂಡದ ಕರಿಬೇವು.

ಮೂರನೆಯ ಸಲಹೆ ತಾನಾಗಿಯೇ ಮನೆ ಬಾಗಿಲಿಗೆ ಬಂತು. ನಮ್ಮ ವಾರ್ಡಿನ ಅಣ್ಣನ ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು. ಅಣ್ಣನ ಕಡೆಯ ಹುಡುಗರು ಫ್ಲೆಕ್ಸಿಗೆ ಚಂದಾ ಕೇಳಿಕೊಂಡು ಬಂದರು. ನಡುವೆ ಅಣ್ಣ ನಗುತ್ತಾರೆ. ಕೆಳಗೆ 'ಶುಭ ಕೋರುವವರು' ಸಾಲಿನಲ್ಲಿ ಸ್ಟ್ಯಾಂಪ್ ಗಾತ್ರದ ಫೋಟೋ. ಚಂದಾ ಹೆಚ್ಚಾದ ಹಾಗೆ ಸ್ಟ್ಯಾಂಪು ಪೋಸ್ಟ್‌ಕಾರ್ಡಾಗುತ್ತದೆ. "ಮರದ ಡಾಕ್ಟ್ರು ಅಂತ ಹಾಕ್ಸೋಣ ಸಾರ್, ಏರಿಯಾಗೆಲ್ಲ ಗೊತ್ತಾಗುತ್ತೆ" ಅಂದರು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ತರಾತುರಿಯಲ್ಲಿ ಊರಿನ ಫ್ಲೆಕ್ಸುಗಳನ್ನು ಕಿತ್ತುಹಾಕಿದ್ದರಲ್ಲ ಅಂತ ನೆನಪಿಸಿದೆ. "ಅದು ಆವಾಗ ಸಾರ್" ಅಂದರು.

ಅಳಿಯ ಒಂದೇ ಪ್ರಶ್ನೆ ಕೇಳಿದ. "ಎಲ್ಲಿ ಕಟ್ತೀರಾ?"

"ಅದೇ ಸಾರ್, ಮೂಲೆ ಮಳೆಮರಕ್ಕೆ."

ಇಷ್ಟರ ನಡುವೆ ಒಂದು ಕೆಲಸ ಸಿಕ್ಕಿತು. ಪಕ್ಕದ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮಾವಿನಮರ. ಒಣಗಿದ ಕೊಂಬೆಗಳು ಮಾಡಿನ ಮೇಲೆ ಚಾಚಿದ್ದವು. ನಾನೂ ನೋಡಲು ಹೋದೆ. ಹಗ್ಗದಲ್ಲಿ ಜೋತುಬಿದ್ದು ಅಳಿಯ ಒಂದೊಂದು ಕೊಂಬೆಗೂ ಮೂರು ಸಲ ಗರಗಸ ಹಾಕುತ್ತಿದ್ದ. ಮೊದಲು ಕಾಂಡದಿಂದ ಒಂದಡಿ ಈಚೆ, ಕೊಂಬೆಯ ಅಡಿಯಿಂದ ಅರ್ಧಂಬರ್ಧ. ಆಮೇಲೆ ಇನ್ನೂ ಸ್ವಲ್ಪ ಈಚೆ, ಮೇಲಿಂದ ಪೂರ್ತಿ. ಭಾರ ಕಳಚಿ ಹಗ್ಗದಲ್ಲಿ ಮೆಲ್ಲಗೆ ಇಳಿಯುತ್ತದೆ, ತೊಗಟೆ ಸಿಗಿದುಕೊಂಡು ಬರುವುದಿಲ್ಲ. ಕೊನೆಗೆ ಉಳಿದ ಮೋಟನ್ನು, ಬುಡದಲ್ಲಿ ಉಂಗುರದಂತೆ ಉಬ್ಬಿರುವ ಕೊರಳಿಗೆ ತಾಗದ ಹಾಗೆ ಕೊಯ್ಯುತ್ತಾನೆ. ಆ ಕೊರಳು ಉಳಿದರೆ ಮರ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದಂತೆ. ನಾಲ್ಕು ಗಂಟೆ ಹಿಡಿಯಿತು.

ಮೇಷ್ಟ್ರು ಹೊರಗೆ ಬಂದರು. ಮರ ನೋಡಿದರು. ನೆಲ ನೋಡಿದರು. ಮತ್ತೆ ಮರ ನೋಡಿದರು.

"ಏನೂ ಕಡಿದೇ ಇಲ್ವಲ್ಲಪ್ಪ?"

ಅವರದೇನೂ ತಪ್ಪಿಲ್ಲ. ಹಿಂದಿನ ವಾರ ಎದುರು ಮನೆಯವರು ಬೋರ್ಡಿನವನನ್ನು ಕರೆಸಿದ್ದರು. ಮಚ್ಚು ಹಿಡಿದ ಮೂವರು ಬಂದು, ಒಂದೂವರೆ ಗಂಟೆಯಲ್ಲಿ ಹೊಂಗೆಮರದ ತಲೆ ಬೋಳಿಸಿ, ಎರಡು ಟ್ರಾಕ್ಟರ್ ಸೊಪ್ಪು ಬೀಳಿಸಿ ಹೋಗಿದ್ದರು. ಆ ಸೊಪ್ಪು ಇನ್ನೂ ಫುಟ್‌ಪಾತಿನಲ್ಲೇ ಇತ್ತು. ಕೊಟ್ಟ ಕಾಸಿಗೆ ಕೆಲಸ ಆಗಿದೆ ಅಂತ ಬೀದಿಗೆಲ್ಲ ಕಾಣುತ್ತಿತ್ತು. ನಮ್ಮವನು ಇಳಿಸಿದ್ದು ಒಂದು ಹೊರೆ. ಮೇಷ್ಟ್ರು ದುಡ್ಡು ಕೊಟ್ಟರು, ಸುಮ್ನೆ ಹೇಳಬಾರದು. ಆದರೆ ದರ್ಶಿನಿಯಲ್ಲಿ ಅರ್ಧ ಪ್ಲೇಟಿಗೆ ಪೂರ್ತಿ ಬಿಲ್ಲು ಕೊಟ್ಟವರ ಮುಖ.

ಅವತ್ತು ನನಗೆ ಹುಡುಗನ ಕಷ್ಟ ಅರ್ಥವಾಯಿತು. ಅವನ ಕೆಲಸ ಚೆನ್ನಾಗಿ ಆದಷ್ಟೂ ಕಣ್ಣಿಗೆ ಕಾಣುವುದಿಲ್ಲ. 'ಮೊದಲು, ಆಮೇಲೆ' ಅಂತ ಫೋಟೋ ಹಾಕಿದರೆ ಒಂದೇ ಫೋಟೋ ಎರಡು ಸಲ ಹಾಕಿದ್ದೀರಿ ಅನ್ನುತ್ತಾರೆ. ಬೋರ್ಡಿನವನ ಬೋಳುಮರಕ್ಕೆ ಮುಂದಿನ ವರ್ಷ ಪೊರಕೆಯಂತೆ ಚಿಗುರು ನುಗ್ಗುತ್ತದೆ. ಮೋಟಿನ ಅಂಚಿಗೆ ಅಂಟಿಕೊಂಡ ಎಳೆ ಕೊಂಬೆಗಳು, ಗಾಳಿಗೆ ಮುರಿಯುತ್ತವೆ. ಗಾಬರಿಯಾದ ಮನೆಯವರು ಮತ್ತೆ ಅವನಿಗೇ ಫೋನ್ ಮಾಡುತ್ತಾರೆ. ಕಟಿಂಗ್ ಶಾಪಿನ ಗಿರಾಕಿಯ ಹಾಗೆ, ತಪ್ಪದೆ. ನಮ್ಮವನ ಮಾವಿನಮರಕ್ಕೆ ಇನ್ನು ನಾಲ್ಕೈದು ವರ್ಷ ಯಾರೂ ಬೇಡ. ಇದಕ್ಕಿಂತ ಕೆಟ್ಟ ವ್ಯಾಪಾರ ಉಂಟಾ?

ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಭಾನುವಾರ ಬೆಳಿಗ್ಗೆ ರಸ್ತೆ ಮರಗಳ ಮೊಳೆ ಕೀಳುವುದು, ಬಿಟ್ಟಿಯಾಗಿ. ಬೆನ್ನ ಮೇಲೆ ಹೆಸರು, ನಂಬರು ಇರುವ ಟೀ ಶರ್ಟು. ಬೆನ್ನು ಅವನದೇ, ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಮೂಲೆಯ ಮಳೆಮರದಿಂದಲೇ ಶುರು. ಏಣಿ ಹಿಡಿಯುವ ಕೆಲಸ ನನ್ನದು. ಮೊದಲು ಕಟಿಂಗ್ ಪ್ಲೇಯರಿನಲ್ಲಿ ಸ್ಟೇಪ್ಲರ್ ಪಿನ್ನುಗಳು, ಲೆಕ್ಕವೇ ಇಲ್ಲ. ಆಮೇಲೆ ತಗಡು. ಒಂದು ಪಿಜಿಯ ಕೆಳಗೆ ಇನ್ನೊಂದು ಪಿಜಿ, ಅದರ ಕೆಳಗೆ ಕಂಪ್ಯೂಟರ್ ಕ್ಲಾಸು, ಅದರ ಕೆಳಗೆ ಆರಂಕಿಯ ಫೋನ್ ನಂಬರಿರುವ ಟೈಪಿಂಗ್ ಕ್ಲಾಸು. ಪುರಾತತ್ವ ಇಲಾಖೆಯವರನ್ನು ಕರೆಸಬೇಕಿತ್ತು. ಯಾವುದೋ ಹಬ್ಬದ ಸೀರಿಯಲ್ ಲೈಟಿನ ವೈರು ತೊಗಟೆಯೊಳಗೆ ಹೂತುಹೋಗಿತ್ತು. ಇವುಗಳ ನಡುವೆ ಹಸಿರು ಬಣ್ಣದ ಚಂದದ ಬೋರ್ಡೊಂದು ಸಿಕ್ಕಿತು: 'ಮರಗಳನ್ನು ಉಳಿಸಿ.' ಅದಕ್ಕೂ ನಾಲ್ಕು ಮೊಳೆ. ಮೂರಿಂಚಿನವು.

ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ. ಹಾಗಾಗಿ ಏಳಡಿಯಲ್ಲಿ ಹೊಡೆದ ಮೊಳೆ ಎಷ್ಟು ವರ್ಷ ಕಳೆದರೂ ಏಳಡಿಯಲ್ಲೇ ಇರುತ್ತದೆ. ಕಾಂಡ ದಪ್ಪವಾಗುತ್ತಾ ಅದನ್ನು ನುಂಗುತ್ತಾ ಬರುತ್ತದೆ. ಪೂರ್ತಿ ನುಂಗಿದ್ದನ್ನು ಅಳಿಯ ಮುಟ್ಟಲಿಲ್ಲ, ಅಗೆದರೆ ಗಾಯ ಇನ್ನೂ ದೊಡ್ಡದಾಗುತ್ತದಂತೆ. ಕೈಗೆ ಸಿಕ್ಕಿದ್ದು 61 ಮೊಳೆ. ಹಾರ್ಲಿಕ್ಸ್ ಬಾಟಲಿ ತುಂಬಿತು. ಹಳದಿ ಬೋರ್ಡೂ ಕೆಳಗಿಳಿಯಿತು.

ಜನ ಸೇರಿದ್ದರು. ಎದುರು ಅಂಗಡಿಯವರು ಬಹಳ ಹೊತ್ತಿನಿಂದ ಆಸಕ್ತಿಯಿಂದ ನೋಡುತ್ತಿದ್ದರು. ಹತ್ತಿರ ಬಂದು, ಬೋಳಾದ ಕಾಂಡವನ್ನು ಕೈಯಿಂದ ಸವರಿದರು. ನಮ್ಮ ಕಣ್ಣು ತುಂಬಿ ಬಂತು.

"ಜಾಗ ಖಾಲಿ ಆಯ್ತಲ್ಲ ಸಾರ್" ಅಂದರು. "ನಮ್ದೊಂದು ಬೋರ್ಡು ಇದೆ. ಹಾಕ್ಕೊಬಹುದಾ?"

ಅವತ್ತು ಸಂಜೆ ಅಳಿಯನ ಫೋನ್ ಹೊಡೆದುಕೊಂಡಿತು. ಅಕ್ಕನ ನಂಬರಲ್ಲ. ಸ್ಪೀಕರಿಗೆ ಹಾಕಿದ.

"ಬೆಳಿಗ್ಗೆ ಮಳೆಮರ ಹತ್ತಿದ್ದು ನೀವೇನಾ? ಬೆನ್ನ ಮೇಲೆ ನಂಬರ್ ನೋಡಿ ಮಾಡ್ತಿದೀನಿ. ಚೆನ್ನಾಗಿ ಹತ್ತೀರ ಕಣ್ರೀ. ನಮ್ಮಲ್ಲಿ ಮೇಲೆ ಹತ್ತೋ ಹುಡುಗರು ಕಮ್ಮಿ, ಸೀಸನ್ ಬೇರೆ ಬಂತು. ದಿನಕ್ಕೆ ಸಾವಿರದಿನ್ನೂರು, ಮಧ್ಯಾಹ್ನ ಊಟ. ಯೋಚನೆ ಮಾಡಿ ಹೇಳಿ. ಬೋರ್ಡಿನ ಬಗ್ಗೆ ಬೇಜಾರಿಲ್ಲ, ಹಳೇದಾಗಿತ್ತು."

ಗುರುವಾರ ಹೊಸ ಬೋರ್ಡು ಬಂತು. ಈ ಸಲ ಎಂಟಡಿ ಎತ್ತರದಲ್ಲಿ, ಆರು ಮೊಳೆ.