ಚಕ್ರಕ್ಕೆ ಕಚಗುಳಿ

ಮಾಡೆಲ್ ರೈಲಿನ ಎಂಜಿನ್ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ನೋಡಲು ನಾಲ್ಕು ಜನ ಸೇರಿರಬೇಕು, ಅದು ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ತೆವಳುತ್ತಿರಬೇಕು. ಆಗ ಎಲ್ಲರೂ ಮೋಟರನ್ನು ಬೈಯುತ್ತಾರೆ. ಅಪರಾಧಿ ಮಾತ್ರ ಸಾಮಾನ್ಯವಾಗಿ ಚಕ್ರದ ಬೆನ್ನಿಗೆ, ಅಂದರೆ ಒಳಮುಖಕ್ಕೆ, ತಾಗಿಕೊಂಡಿರುವ ಕೂದಲೆಳೆಯಂಥ ತಂತಿ: ಹಳಿಯ ಕರೆಂಟನ್ನು ಮೋಟರಿಗೆ ದಾಟಿಸುವ ಪಿಕಪ್.

ಎಚ್‌ಓ ಅಳತೆಯ (ಅಸಲಿನ 1/87 ಗಾತ್ರದ) ಎಂಜಿನ್ನಿಗೆ 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಒಪ್ಪುತ್ತದೆ. ತಾಮ್ರದ ತಂತಿ ಬಲು ವಿಧೇಯ, ಬಗ್ಗಿಸಿದಲ್ಲೇ ಬಿದ್ದಿರುತ್ತದೆ. ಇಲ್ಲಿ ಬೇಕಾದದ್ದು ತಿರುಗಿಬೀಳುವ ಗುಣ. ‘0.4 ಇದ್ದರೂ ನಡೆದೀತು’ ಎಂಬ ಔದಾರ್ಯ ಬೇಡ, ಬಿಗಿತ ಮೂರು ಪಟ್ಟು ಏರುತ್ತದೆ. ಉದ್ದ ಇಮ್ಮಡಿಯಾದರೆ ಅದೇ ಬಿಗಿತ ಎಂಟನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಜಾಗವಿದ್ದಷ್ಟೂ ಉದ್ದ ಬಿಡಿ.

ತಂತಿ ಕೂರಿಸುವ ತಳಕ್ಕೆ ಬೇಕಾದದ್ದು ತಾಮ್ರದ ಪದರವಿರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಪಟ್ಟಿ, ಸುಮಾರು 5 ಮಿ.ಮೀ. ಅಗಲ. ಎರಡು ಹಳಿಗಳ ಕರೆಂಟು ಬೆರೆಯದಂತೆ ನಡುವೆ ತಾಮ್ರವನ್ನು ಗೀರಿ ಎರಡು ಪಾಲು ಮಾಡಿ, ಮಲ್ಟಿಮೀಟರ್ ಇಟ್ಟು ನೋಡಿ. ಕೀಂಯ್ ಎಂದರೆ ಪಾಲು ಇನ್ನೂ ಆಗಿಲ್ಲ. ತಾಮ್ರದ ಮುಖ ಹೊರಗಿರುವಂತೆ ಎಂಜಿನ್ನಿನ ಚೌಕಟ್ಟಿಗೆ (ಚಾಸಿಗೆ) ಎಪಾಕ್ಸಿ ಅಂಟಿನಿಂದ ಅಂಟಿಸಿ. ಬೆಸುಗೆಗೆ ಮೊದಲು ಪಟ್ಟಿಗೂ ತಂತಿಗೂ ತೆಳುವಾಗಿ ಬೆಸುಗೆಯ ಸೀಸ ಬಳಿದಿರಲಿ. ಆಮೇಲೆ ಎರಡು ಸೆಕೆಂಡಿನ ಕೆಲಸ. ಕಾವು ಹೆಚ್ಚಾದರೆ ತಂತಿ ಮೆತ್ತಗಾಗಿ ಅದರ ರೋಷವೆಲ್ಲ ಇಳಿದುಹೋಗುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಆಸಿಡ್ಡಿನದು ಬೇಡ, ರಾಳದ್ದು ಸಾಕು.

ಚಕ್ರಕ್ಕೆ ತಾಗಬೇಕಾದದ್ದು ತಂತಿಯ ಬಾಗು, ಕತ್ತರಿಸಿದ ತುದಿಯಲ್ಲ. ತುದಿ ತಾಗಿದರೆ ಎಂಜಿನ್ ಮುಂದೆ ಹೋಗುವಾಗ ಸುಮ್ಮನಿದ್ದು ಹಿಂದೆ ಬರುವಾಗ ಕಚ್ಚುತ್ತದೆ. ಇನ್ನು ಒತ್ತಡ. ಗೇರ್ ಬಿಡಿಸಿ, ಚಾಸಿಯನ್ನು ಬೆರಳಿಂದ ತಳ್ಳಿ: ಚಕ್ರ ಉರುಳದೆ ಜಾರಿದರೆ ಅದು ಕಚಗುಳಿಯಲ್ಲ, ಬ್ರೇಕು. ಸಡಿಲಿಸಿದಿರೋ, ಚಕ್ರದ ಅಚ್ಚು (ಆಕ್ಸಲ್) ಆಚೆಗೆ ಸರಿದಾಗ ಸಂಪರ್ಕ ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ. ಆಕ್ಸಲನ್ನು ಎರಡೂ ಬದಿಗೆ ಪೂರ್ತಿ ಸರಿಸಿದಾಗಲೂ ತಂತಿ ತಾಗಿರುವುದೇ ಸರಿಯಾದ ಹದ.

ಇಷ್ಟಾದರೂ ಶಾರ್ಟ್ ಆಗುವುದುಂಟು, ಅದೂ ಒಂದು ಬದಿಯ ತಿರುವಿನಲ್ಲಿ ಮಾತ್ರ. ಮೇಜಿನ ಮೇಲೆ ಪರೀಕ್ಷಿಸಿದರೆ ಮಹಾ ಸಂಭಾವಿತ! ತಿರುವಿನಲ್ಲಿ ಚಕ್ರ ಒಳಗೆ ಸರಿದು, ತಂತಿಯನ್ನು ಲೋಹದ ಚಾಸಿಗೆ ಒತ್ತುವುದೇ ಕಾರಣ. ಆ ಜಾಗಕ್ಕೆ ತೆಳು ಕಾಗದದ ತುಂಡನ್ನು ಸೂಪರ್‌ಗ್ಲೂನಲ್ಲಿ ಅಂಟಿಸಿದರೆ ಸಾಕು.

ಎಲ್ಲ ಮುಗಿದ ಮೇಲೆ ಒಂದು ತೊಟ್ಟು ಎಣ್ಣೆ ಬಿಡುವ ಆಸೆ ಹುಟ್ಟುತ್ತದೆ. ಬೇರಿಂಗಿಗೆ ಬಿಡಿ, ಪಿಕಪ್ಪಿಗೆ ಬೇಡ. ಎಣ್ಣೆಗೆ ಧೂಳು ಸೇರಿ ಕರಿ ಮಡ್ಡಿ ಕಟ್ಟಿದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದೇ ಚಕ್ರದ ಬೆನ್ನು ಉಜ್ಜುತ್ತ ಕೂರಬೇಕು.