ಆ 240 ಕಿ.ಮೀ. ಪೂರ್ತಿ ಡಾಂಬರಲ್ಲ

ದಕ್ಷಿಣ ಫ್ರಾನ್ಸಿನಲ್ಲಿ ತುಲೂಸ್‌ನಿಂದ ಸೆತ್‌ವರೆಗೆ ಕನಾಲ್ ದ್ಯು ಮಿದಿ ಕಾಲುವೆ ದಂಡೆಯ 240 ಕಿ.ಮೀ.ಯನ್ನು ಯಾವ ಸೈಕಲ್ಲಾದರೂ ಸರಿ ಆರಾಮಾಗಿ ತುಳಿಯಬಹುದು ಅಂತ ಲೇಖನವೊಂದರಲ್ಲಿದೆ. ಕಾರಿನ ಕಾಟ ಇಲ್ಲ ಅನ್ನೋದು ಬಹುಮಟ್ಟಿಗೆ ನಿಜ. 'ಯಾವ ಸೈಕಲ್ಲಾದರೂ' ಅನ್ನೋದು ಮಾತ್ರ ಒಪ್ಪೋ ಮಾತಲ್ಲ.

ನುಣುಪು ಡಾಂಬರಿರುವುದು ತುಲೂಸ್‌ನಿಂದ ಪೋರ್ ಲೋರಾಗೆ ಕಡೆಗಿನ ಮೊದಲ 50 ಕಿ.ಮೀ. ಸುಮಾರಿಗೆ, ಅಷ್ಟಕ್ಕೆ 28 ಮಿ.ಮೀ. ಅಗಲದ ಟೈರ್ ಸಾಕು. ಮುಂದೆ ಜಲ್ಲಿ, ಮಣ್ಣು. ಕಾರ್ಕಾಸೋನ್ ದಾಟಿದರೆ ಎಷ್ಟೋ ಕಡೆ ಬರೀ ಕಾಲುದಾರಿ. ದಂಡೆಯುದ್ದಕ್ಕೂ ನೆಟ್ಟ ಪ್ಲೇನ್ ಜಾತಿಯ ಮರಗಳ ಬೇರುಗಳು ಅಲ್ಲಿ ಅಡ್ಡಡ್ಡ ಉಬ್ಬಿಕೊಂಡಿರುತ್ತವೆ. ತೆಳು ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ ಟ್ಯೂಬು ಬೇರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು. ಗಾಳಿ ಬಿಗಿಯಾಗಿದ್ದರೆ ಅದರುವಿಕೆಗೆ ಕ್ಯಾರಿಯರ್ ಬೋಲ್ಟ್ ಸಡಿಲ. 40 ಮಿ.ಮೀ. ಟೈರಿಗೆ 3 ಬಾರ್, ಅಂದರೆ 45 ಪಿಎಸ್‌ಐ ಆಸುಪಾಸು, ಹಾಕಿ; ಲಗೇಜು ಭಾರವಿದ್ದರೆ ಹಿಂದಿನದಕ್ಕೆ ಸ್ವಲ್ಪ ಜಾಸ್ತಿ. ಕ್ಯಾರಿಯರ್‌ಗೆ ಬದಲಿಯಾಗಿ ಎಂ5 (5 ಮಿ.ಮೀ.) ಬೋಲ್ಟ್ ಎರಡು, ಬಿಗಿಯೋಕೆ 4 ಮಿ.ಮೀ. ಅಲೆನ್ ಕೀ ಜೇಬಲ್ಲಿರಲಿ.

ಮಳೆ ಬಂದರೆ ಅಂಟುಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವೇ ತಿರುಗಲ್ಲ. ಕಾಸ್ಟೆಲ್ನೋದರಿ, ಕಾರ್ಕಾಸೋನ್ ಎರಡರಲ್ಲೂ ಪ್ರಾದೇಶಿಕ ರೈಲು ನಿಲ್ಲುತ್ತದೆ, ಹತ್ತಿಬಿಡಿ. ವಾಯವ್ಯದ ಸೆರ್ಸ್ ಗಾಳಿ ಬೆನ್ನಿಗೆ ಬೀಳಲಿ ಅಂತಲೇ ತುಲೂಸ್‌ನಿಂದ ಹೊರಡೋದು. ಆಗ್ನೇಯದ ಓತಾನ್ ಬೀಸಿದರೆ ಲೆಕ್ಕ ತಲೆಕೆಳಗು. ನೀರಿಗೆ ಹಳ್ಳಿಯ ಸ್ಮಶಾನದ ನಲ್ಲಿ ನೋಡಿ (ಮುಜುಗರ ಬೇಡ, ಅಲ್ಲಿ ಸೈಕಲ್ಲಿನವರು ಮಾಡೋದೇ ಹೀಗೆ). 'ನಾನ್ ಪೊತಾಬ್ಲ್' (ಕುಡಿಯೋ ನೀರಲ್ಲ) ಅನ್ನೋ ಫಲಕವಿದ್ದರೆ ಮಾತ್ರ ಕುಡಿಯಬೇಡಿ.