ರಾಜಕುಮಾರಿ ಇನ್ನೊಂದು ಕ್ಯಾಸೆಟ್‌ನಲ್ಲಿದ್ದಾಳೆ

ಅಟ್ಟದ ಮೇಲಿನ ತಗಡಿನ ಟ್ರಂಕು ಜಾರಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿದ್ದಾಗ ಮಗಳು ಮೊದಲು ಕೇಳಿದ್ದು "ಅಪ್ಪಾ, ನೋವಾಯ್ತಾ?" ಅಂತ ಅಲ್ಲ. ಚಪ್ಪಾಳೆ ತಟ್ಟಿ "ಅಪ್ಪಾ, ಥೇಟ್ ಥ್ವಾಂಪ್!" ಅಂದಳು.

ಥ್ವಾಂಪ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾರಿಯೋ ಅನ್ನುವ ವಿಡಿಯೋ ಗೇಮಿನ ಕೋಟೆಯೊಳಗೆ ಸೂರಿಗೆ ಅಂಟಿಕೊಂಡಂತೆ ಒಂದು ಕಲ್ಲಿನ ದಿಮ್ಮಿ ಇರುತ್ತದೆ. ಅದಕ್ಕೆ ಸಿಟ್ಟಿನ ಮುಖ. ನೀವು ಅದರ ಕೆಳಗೆ ಹೋಗುವವರೆಗೂ ಸುಮ್ನೆ ಗುರಾಯಿಸುತ್ತಿರುತ್ತದೆ, ಹೋದಿರೋ ಧೊಪ್ ಅಂತ ಬಿತ್ತು. 1988ರ ಸೂಪರ್ ಮಾರಿಯೋ ಬ್ರದರ್ಸ್ 3ರಲ್ಲಿ ಮೊದಲು ಕಾಣಿಸಿಕೊಂಡದ್ದು ಇವತ್ತಿಗೂ ಬೀಳುತ್ತಲೇ ಇದೆ. ನಮ್ಮ ಟ್ರಂಕಿಗೂ ಅದಕ್ಕೂ ಒಂದೇ ವ್ಯತ್ಯಾಸ. ಥ್ವಾಂಪ್ ಬಿದ್ದ ಮೇಲೆ ತಾನೇ ನಿಧಾನಕ್ಕೆ ಮೇಲೆ ಹೋಗಿ ಕೂರುತ್ತದೆ. ಟ್ರಂಕನ್ನು ನಾನೇ ಕುಂಟುತ್ತಾ ಎತ್ತಿಡಬೇಕಾಯಿತು.

ನಾನು ಅಟ್ಟ ಹತ್ತಿದ್ದೇ ಈ ಮಗಳ ದೆಸೆಯಿಂದ. ಅವಳ ಸೋದರಮಾವ ಒಂದು ಸ್ವಿಚ್ ತಂದುಕೊಟ್ಟಿದ್ದಾನೆ. ಗೋಡೆಯದ್ದಲ್ಲ, ಆಟದ್ದು. ಅದರಲ್ಲಿ ಹಳೇ ಮಾರಿಯೋ ಆಟಗಳೂ ಬರುತ್ತವೆ. "ಇದನ್ನ ನಾನೂ ಆಡಿದ್ದೀನಿ, ನಿನ್ನ ವಯಸ್ಸಲ್ಲಿ" ಅಂದದ್ದಕ್ಕೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಸರಿ, ಸಾಕ್ಷಿ ತೋರಿಸೋಣ ಅಂತ ಹೋಗಿ ಬೆರಳು ಜಜ್ಜಿಸಿಕೊಂಡೆ. ಟಿವಿಗೆ ಸಿಕ್ಕಿಸಿ ಆಡುವ ಆಟದ ಡಬ್ಬಿ ಸಿಗಲಿಲ್ಲ. ಟ್ರಂಕಿನಲ್ಲಿ ಇದ್ದದ್ದು ಮೂರು ತಾಮ್ರದ ಚೆಂಬು, ಅಜ್ಜಿಯ ಒಂದು ಕನ್ನಡಕ ಮತ್ತು ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಮೂರನೆಯದನ್ನು ಅವಳು ನೋಡದಿದ್ದರೆ ಚೆನ್ನಾಗಿತ್ತು.

ಆ ಡಬ್ಬಿ ಬಂದದ್ದು ನನ್ನ ಮಾವ ಮದ್ರಾಸಿನ ಬರ್ಮಾ ಬಜಾರಿಗೆ ಹೋಗಿದ್ದಾಗ. ನಾವಾಗ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆವು. ಬೇಸಿಗೆ ರಜೆ, ಹೊರಗೆ ಕಾಲಿಟ್ಟರೆ ಟಾರು ಚಪ್ಪಲಿಗೆ ಅಂಟುವ ಕಾಲ. ಡಬ್ಬಿಗೆ ಹೆಸರಿರಲಿಲ್ಲ. ಜೊತೆಗೆ ಬಂದ ಹಳದಿ ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿತ್ತು, ಎಣಿಸಿದರೆ ಒಂಬತ್ತು. ಅದರಲ್ಲಿ ನಾವು ಆಡಿದ್ದು ಒಂದೇ, ರಾಕ್ಷಸ ಎತ್ತಿಕೊಂಡು ಹೋದ ರಾಜಕುಮಾರಿಯನ್ನು ಬಿಡಿಸಲು ಹೊರಟ ಮೀಸೆ ಮಾಮ ಮಾರಿಯೋನದು. 1985ರಲ್ಲಿ ಜಪಾನಿನಲ್ಲಿ ಮಿಯಾಮೊಟೊ ಅನ್ನುವವರು ಮತ್ತವರ ಜೊತೆಯವರು ಮಾಡಿದ ಆಟ ಅಂತ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವರಿಗೆ ನಾಲ್ಕು ಬೈಗುಳ ಬರೆದು ಪೋಸ್ಟ್ ಮಾಡುತ್ತಿದ್ದೆ. ಯಾಕೆಂದರೆ ಅದರಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕು ಲೆವೆಲ್ಲು, ಪ್ರತಿ ನಾಲ್ಕನೆಯದೂ ಕೋಟೆ. ಮೊದಲ ಮೂರರಲ್ಲಿ ಹೆಚ್ಚಾಗಿ ನೀಲಿ ಆಕಾಶ, ಹಸಿರು ಗುಡ್ಡ, ಅಲ್ಲೊಂದು ಇಲ್ಲೊಂದು ಪೈಪು, ಹಾಯಾಗಿ ಹೋಗುತ್ತಿರುತ್ತೀರಿ. ನಾಲ್ಕನೆಯದರ ಬಾಗಿಲು ದಾಟಿದ ಕೂಡಲೇ ಆಕಾಶ ಕಪ್ಪು, ಸಂಗೀತ ಬೇರೆ, ನನ್ನ ಅಂಗೈಯಲ್ಲಿ ಬೆವರು.

ಕೋಟೆಯಲ್ಲಿ ನಮ್ಮನ್ನು ಕೊಲ್ಲುವುದು ರಾಕ್ಷಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಕೊಲ್ಲುವುದು ಸೂರು. ಬಯಲಲ್ಲಿ ಎಷ್ಟು ಬೇಕಾದರೂ ಎತ್ತರ ಹಾರಬಹುದು, ಇಲ್ಲಿ ಹಾರಿದರೆ ತಲೆ ಬಡಿದು ವಾಪಸ್ ಕೆಳಗೆ, ಕೆಳಗೆ ಕಾದಿರುವುದು ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಬೆಂಕಿಯ ಸರ. ಲಾವಾದಿಂದ ಬೆಂಕಿ ಉಂಡೆಗಳು ಬೇರೆ, ಬಾಣಲೆಯಲ್ಲಿ ಮುಳುಗಿದ ಮಿರ್ಚಿ ಪುಟಕ್ಕನೆ ಮೇಲೇಳುವ ಹಾಗೆ ಎದ್ದೇಳುತ್ತವೆ. ಇದಿಷ್ಟೂ ದಾಟಿದರೆ ಕೊನೆಗೆ ಒಂದು ಸೇತುವೆ, ಸೇತುವೆ ಮೇಲೆ ಆಮೆ ರಾಕ್ಷಸ, ಅವನ ಬೆನ್ನ ಹಿಂದೆ ಒಂದು ಕೊಡಲಿ. ಕೊಡಲಿ ಮುಟ್ಟಿದರೆ ಸಾಕು, ಸೇತುವೆ ಕುಸಿದು ಅವನು ಬೆಂಕಿಗೆ ಬೀಳುತ್ತಾನೆ. ಅವನನ್ನು ಕೊಲ್ಲುವ ಕೊಡಲಿಯನ್ನು ಅವನ ಮನೆಯಲ್ಲೇ ಯಾಕೆ ಇಟ್ಟುಕೊಂಡಿದ್ದಾನೋ, ಇವತ್ತಿನವರೆಗೂ ನನಗೆ ಅರ್ಥವಾಗಿಲ್ಲ.

ಆ ರಜೆಯಲ್ಲಿ ಹನ್ನೊಂದು ದಿನ ಒದ್ದಾಡಿ ದೊಡ್ಡಪ್ಪನ ಮಗ ಮೊದಲ ಕೋಟೆ ಗೆದ್ದ. ಸೇವ್ ಅನ್ನುವುದು ಆ ಆಟದಲ್ಲಿ ಇಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿಂದ, ಕರೆಂಟು ಹೋಗುತ್ತಿದ್ದದ್ದೂ ಸರಿಯಾಗಿ ಸೇತುವೆ ಹತ್ತಿರ ಬಂದಾಗಲೇ. ಆ ದಿನ ಮಾತ್ರ ಹೋಗಲಿಲ್ಲ. ಆಮೆ ಬಿತ್ತು. ನಾವು ಐದು ಜನ ಮಂಚದ ಮೇಲೆ ಕುಣಿದೆವು. ಅಣಬೆ ಟೊಪ್ಪಿಗೆಯ ಒಬ್ಬ ಪುಟಾಣಿ ಬಂದು ನಿಂತ, ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿತು.

ನಮ್ಮೆಲ್ಲರದೂ ಕನ್ನಡ ಮೀಡಿಯಂ. ಓದುವ ಜವಾಬ್ದಾರಿ ದೊಡ್ಡವನು ಅಂತ ಅಣ್ಣನ ಮೇಲೆ ಬಿತ್ತು. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. "ಥ್ಯಾಂಕ್ ಯೂ ಮಾರಿಯೋ, ಬಟ್ ಅವರ್ ಪ್ರಿನ್ಸೆಸ್ ಇಸ್ ಇನ್ ಅನದರ್..." ಅಲ್ಲಿ ನಿಂತ. ಕೊನೆಯ ಪದ ಕ್ಯಾಸ್ ಅಂತ ಶುರುವಾಗುತ್ತಿತ್ತು. ಅದು ಕ್ಯಾಸಲ್, ಅಂದರೆ ಕೋಟೆ ಅಂತ ಈಗ ನಿಮಗೂ ಗೊತ್ತು, ನನಗೂ ಗೊತ್ತು. ಅಣ್ಣ ಆಗ ನಿರ್ಧಾರ ಮಾಡಿಬಿಟ್ಟ. "ಕ್ಯಾಸೆಟ್! ರಾಜಕುಮಾರಿ ಇನ್ನೊಂದು ಕ್ಯಾಸೆಟ್‌ನಾಗೆ ಅದಾಳಂತೆ!"

ಎಷ್ಟು ಸರಿಯಾಗಿ ಕೂತಿತು ನೋಡಿ. ನಮ್ಮ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಇದರಲ್ಲಿ ಇಲ್ಲ ಅಂದರೆ ಇನ್ನೊಂದರಲ್ಲಿ ಇರಲೇಬೇಕು. ಎಲ್ಲರೂ ಚಿಲ್ಲರೆ ಕೂಡಿಸಿ ಬಿಸಿಲಲ್ಲಿ ಓಡಿದೆವು. ಊರಿನಲ್ಲಿ ಕ್ಯಾಸೆಟ್ ಅಂದರೆ ಒಂದೇ ಅಂಗಡಿ, ಸಿನಿಮಾ ಕ್ಯಾಸೆಟ್ ಬಾಡಿಗೆ ಕೊಡುವುದು.

"ಮಾಮಾ, ರಾಜಕುಮಾರಿ ಇರೋ ಕ್ಯಾಸೆಟ್ ಕೊಡ್ರಿ."

"ಯಾವ ರಾಜಕುಮಾರಿಲೇ?"

"ರಾಕ್ಷಸ ಎತ್ಕೊಂಡು ಹೋಗಿರ್ತಾನಲ್ರಿ, ಆಕಿ."

ಅಂಗಡಿ ಮಾಮ ಒಂದು ಗಳಿಗೆಯೂ ಯೋಚಿಸಲಿಲ್ಲ. ಸ್ಟೂಲ್ ಹತ್ತಿ, ಮೇಲಿನ ಸಾಲಿನಿಂದ ಒಂದು ತೆಲುಗು ಪೌರಾಣಿಕ ತೆಗೆದುಕೊಟ್ಟರು. ಬಳ್ಳಾರಿಯಲ್ಲಿ ಇದೆಲ್ಲ ಮಾಮೂಲು, ಅರ್ಧ ಅಂಗಡಿ ತೆಲುಗೇ. ಮನೆಗೆ ತಂದು ನೋಡಿದರೆ ಅದು ಇಟ್ಟಿಗೆಯಷ್ಟಿದೆ, ಡಬ್ಬಿಯ ಬಾಯಿ ಅಂಗೈಯಷ್ಟು. ಅಣ್ಣ ಧೈರ್ಯಗೆಡಲಿಲ್ಲ, ಟೇಪು ಹೊರಗೆಳೆದು ಮಡಚಿ ತುರುಕಿದರೆ ಹಿಡಿಯಬಹುದು ಅಂದ. ಒಂದು ಮೊಳ ಎಳೆದಿದ್ದನೋ ಇಲ್ಲವೋ, ದೊಡ್ಡಪ್ಪ ಊಟಕ್ಕೆ ಬಂದರು. ಮುಂದಿನದನ್ನು ವಿವರಿಸುವುದಿಲ್ಲ, ಚಪ್ಪಲಿ ಯಾರದು ಅಂತಲೂ ಹೇಳುವುದಿಲ್ಲ. ಆದರೆ ಆ ಕ್ಯಾಸೆಟ್ ಹೆಸರು ಕೇಳಿದ ಅಜ್ಜಿ "ಅಯ್ಯೋ, ಇದು ನನ್ನ ಮದುವೆ ಹೊಸದರಾಗೆ ನೋಡಿದ್ದು" ಅಂತ ಹಟ ಹಿಡಿದು, ದೊಡ್ಡಪ್ಪನ ಕೈಯಲ್ಲೇ ವಿಡಿಯೋ ಕ್ಯಾಸೆಟ್ ಹಾಕುವ ವಿಸಿಪಿ ಬಾಡಿಗೆ ತರಿಸಿ, ಅರ್ಧ ಓಣಿಯನ್ನು ಕರೆದು ಕೂರಿಸಿ ನೋಡಿದಳು. ರಾಜಕುಮಾರಿ ಸಿಕ್ಕಳು. ರಾತ್ರಿ ಹನ್ನೆರಡೂವರೆಗೆ.

ಮೊದಲ ಏಳು ಕೋಟೆಯಲ್ಲಿರುವ ಆಮೆಗಳೆಲ್ಲ ನಕಲಿ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೆಂಕಿ ಉಂಡೆ ಹೊಡೆದು ಕೊಂದರೆ ವೇಷ ಕಳಚಿ ಬೀಳುತ್ತದಂತೆ. ಮೊದಲನೆಯದರಲ್ಲಿ ಒಳಗಿರುವುದು ಒಂದು ಗೂಂಬಾ, ಆಟದ ಮೊಟ್ಟಮೊದಲು ಎದುರಾಗುವ ಆ ಬಡಪಾಯಿ. ರಾತ್ರಿ ದೊಡ್ಡಾಟದಲ್ಲಿ ಮೀಸೆ ತಿರುವಿ ಅಬ್ಬರಿಸಿದ ರಕ್ಕಸ ಬೆಳಿಗ್ಗೆ ಸಂತೆಯಲ್ಲಿ ಬದನೆಕಾಯಿ ತೂಗುತ್ತಾ ಸಿಕ್ಕ ಹಾಗೆ. ಹನ್ನೊಂದು ದಿನ ನಾವು ಹೆದರಿದ್ದು ಅವನಿಗೆ.

ಈಗಿನ ವಿಷಯಕ್ಕೆ ಬರೋಣ. ಮಗಳ ಜೊತೆ ಆಡುವಾಗ ನಾನು ಬಾಯಿ ಬಿಟ್ಟರೆ ತಪ್ಪು. "ಕೋಟೆ ಬಂತು" ಅಂದರೆ "ಯಾವುದು? ಕ್ಯಾಸಲ್ಲಾ, ಫೋರ್ಟ್ರೆಸ್ಸಾ?" ಅಂತ ಕೇಳುತ್ತಾಳೆ. ಮೊದಲ ಆಟದಲ್ಲಿ ಇದ್ದದ್ದು ಕ್ಯಾಸಲ್ ಮಾತ್ರ, ಲೋಕದ ಕೊನೆಗೆ. ಮೂರನೆಯದರಲ್ಲಿ ನಡುದಾರಿಯಲ್ಲೇ ಫೋರ್ಟ್ರೆಸ್‌ಗಳು ಬಂದವು. ಅದರೊಳಗೆ ಬೂಮ್ ಬೂಮ್ ಅಂತ ಕೈ ಬೀಸುತ್ತಾ ಓಡಾಡುವ ಒಬ್ಬ ಇದ್ದಾನೆ, ಮೂರು ಸಲ ತಲೆ ಮೇಲೆ ಹಾರಿದರೆ ಸತ್ತ. ಆಮೇಲೆ ನಕ್ಷೆಯ ಮೇಲೆ ಕೋಟೆ ಪುಡಿಯಾಗಿ, ಎಲ್ಲೋ ಬೀಗ ಹಾಕಿದ್ದ ದಾರಿ ತೆರೆದುಕೊಳ್ಳುತ್ತದೆ. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲೂ ಇದೇ ಪದ್ಧತಿ, ಅಲ್ಲಿ ಕೊನೆಗೆ ರಾಟೆಯ ಮೇಲೆ ಕೂತು ತಿರುಗುವ ನಾಲ್ಕು ಖಡ್ಗಮೃಗದಂಥವು. ನಾನು ಎರಡಕ್ಕೂ ಕೋಟೆ ಅಂತಲೇ ಅನ್ನುತ್ತೇನೆ. ನಮ್ಮಲ್ಲಿ ಅಷ್ಟೇ ಅಲ್ವಾ? ರಾಯಚೂರಿನದೂ ಕೋಟೆ, ಕೊಪ್ಪಳದ್ದೂ ಕೋಟೆ. ರಾಯಚೂರಿನ ನಮ್ಮ ಷಡ್ಡಕರು ಮಾತ್ರ ಎರಡು ಸಲ ಒತ್ತಿ ಹೇಳುತ್ತಾರೆ, "ನಮ್ದು 1294ರದ್ದು ರೀ, ಶಾಸನ ಐತಿ" ಅಂತ, ತಾವೇ ಕಲ್ಲು ಹೊತ್ತವರ ಹಾಗೆ.

"ನಿಜವಾದ ಫೋರ್ಟ್ರೆಸ್ ತೋರ್ಸು" ಅಂದಳು ಒಂದು ಭಾನುವಾರ. ಬಳ್ಳಾರಿಯಲ್ಲಿದ್ದು ಗುಡ್ಡ ಹತ್ತದವರು ನನ್ನ ಹಾಗೆ ಬೇಕಾದಷ್ಟು ಜನ ಇದ್ದಾರೆ, ದಿನಾ ಕಾಣುತ್ತದಲ್ಲ, ಎಲ್ಲಿ ಓಡಿಹೋಗುತ್ತದೆ ಅಂತ. ಸ್ಕೂಟರ್ ತೆಗೆದೆವು. ಮನೆಯಾಕೆ ಬಾಗಿಲಲ್ಲಿ ನಿಂತು "ಒಂಬತ್ತಕ್ಕೆ ಒಗ್ಗರಣಿ-ಮಿರ್ಚಿ ಮಾಡಿರ್ತೀನಿ, ಆರಿದ ಮೇಲೆ ಬಂದರೆ ನನ್ನ ಕೇಳಬೇಡಿ" ಅಂದಳು. ಆಟದ ಮೊದಲ ಕೋಟೆಯಲ್ಲಿ 300ರಿಂದ ಗಡಿಯಾರ ಇಳಿಯುತ್ತದೆ, 100ಕ್ಕೆ ಬಂದಾಗ ಸಂಗೀತ ಒಮ್ಮೆಲೇ ಜೋರಾಗಿ ಓಡತೊಡಗುತ್ತದೆ. ನಮ್ಮಲ್ಲಿ ಆ ಕೆಲಸ ಫೋನಿನದು.

ಗುಡ್ಡದ ಮೇಲಿನ ಕೋಟೆಗೆ ಬಂಡೆಗಳ ನಡುವೆ ಸುತ್ತಿ ಹತ್ತುವ ಒಂದೇ ದಾರಿ. ನಾನು ಅಪ್ಪ, ಸುಮ್ಮನಿರಲಾಗುತ್ತದೆಯೇ? "ಬಾ, ಅಡ್ಡದಾರಿ ಗೊತ್ತು" ಅಂದೆ. ಹತ್ತು ನಿಮಿಷ ಏದುಸಿರು ಬಿಟ್ಟು ಹತ್ತಿ ನೋಡಿದರೆ ಎದುರಿಗೆ ಒಂದು ಬಂಡೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬಾಣ ಚುಚ್ಚಿದ ಹೃದಯ, ಕೆಳಗೆ ಬಣ್ಣ ಸೋರಿದ ಎರಡು ಹೆಸರು. ಇನ್ನೊಂದು ಕಡೆಯಿಂದ ಹತ್ತಿದೆವು. ಅದೇ ಬಂಡೆ, ಅದೇ ಹೃದಯ. "ಅಪ್ಪಾ, ಇದು ನಾಲ್ಕನೇ ಲೋಕದ ಕೋಟೆ ಇದ್ದ ಹಾಗಿದೆ" ಅಂದಳು ಮಗಳು. ಅಲ್ಲಿ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋದರೆ ತಿರುಗಿ ಅದೇ ಜಾಗ ಬರುತ್ತಲೇ ಇರುತ್ತದೆ, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಈ ಗೊಂದಲದಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಬಿಸ್ಕತ್ತಿನ ಪೊಟ್ಟಣ ಕೋತಿಯ ಪಾಲಾಯಿತು. ಅದು ನಮ್ಮ ಮುಂದೆಯೇ ಕೂತು, ಕ್ರೀಮ್ ನೆಕ್ಕಿ, ಬಿಸ್ಕತ್ತನ್ನು ನನ್ನ ಕಡೆ ಎಸೆಯಿತು.

ಮೇಲೆ ತಲುಪಿದಾಗ ಗಾಳಿ ಚೆನ್ನಾಗಿತ್ತು. ಬಂಡೆಯ ಸಂದಿಯಲ್ಲಿ ಮಳೆನೀರು ನಿಲ್ಲುವ ಹೊಂಡಗಳಿದ್ದವು. ಮಗಳು ಸುತ್ತ ನೋಡಿ "ಬಾಸ್ ಎಲ್ಲಿ?" ಅಂದಳು. ಬಾಸ್ ಅಂದರೆ ಆಟದ ಕೋಟೆಯ ಕೊನೆಗೆ ಕಾದಿರುವ ರಾಕ್ಷಸ. ಬಾಸ್ ಇಲ್ಲ, ಕತೆ ಇದೆ ಅಂದೆ. ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು. ಆಮೇಲೆ ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನ್ನು ಇಟ್ಟುಕೊಂಡು ಇದನ್ನು ಗಟ್ಟಿ ಮಾಡಿಸಿ, ಕೆಳಗಿನ ಕೋಟೆಯನ್ನೂ ಕಟ್ಟಿಸಿದ. ಎಲ್ಲಾ ಮುಗಿದ ಮೇಲೆ ನೋಡುತ್ತಾನೆ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಇಲ್ಲಿಯ ಕತೆ ಮುಗೀತು. ಸಿಟ್ಟಿಗೆದ್ದು ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಅಂತ ಜನ ಹೇಳುತ್ತಾರೆ.

ಮಗಳು ಕುಂಬಾರ ಗುಡ್ಡವನ್ನು ನೋಡಿದಳು, ನನ್ನನ್ನು ನೋಡಿದಳು. "ಅಂದ್ರೆ ಲೆವೆಲ್ ಡಿಸೈನ್ ಮಾಡಿದವನನ್ನೇ ನೇಣಿಗೆ ಹಾಕಿದ್ರಾ?"

ಆ ರಜೆಯ ಹನ್ನೊಂದು ದಿನ ನೆನಪಾಯಿತು. ಹೈದರಾಲಿಯ ಮೇಲೆ ಸ್ವಲ್ಪ ಅಭಿಮಾನ ಬಂತು ಅಂತ ಬರೆದರೆ ಬೈಯಬೇಡಿ.

ಫೋನು ಮೂರನೇ ಸಲ ಹೊಡೆದುಕೊಂಡಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ, ಕಾದ ಬಂಡೆಯ ಮೇಲೆ ಹಾರುತ್ತಾ ಇಳಿದೆ. ಮೊದಲೇ ಜಜ್ಜಿದ ಬೆರಳು. ಕೆಳಗಿನ ಕೋಟೆಗೆ ಬಂದು, ಓಣಿ ಓಣಿ ಸುತ್ತಿ, ದೊಡ್ಡ ಬಾಗಿಲು ಕಂಡಾಗ ಅಬ್ಬಾ ಅಂತ ಹೊರಗೆ ಬಂದು ನೋಡಿದರೆ ಸ್ಕೂಟರ್ ಇಲ್ಲ. ಎದೆ ಧಸಕ್ಕೆಂದಿತು. ಅಲ್ಲೇ ಸೌತೆಕಾಯಿ ಮಾರುತ್ತಿದ್ದ ಅಜ್ಜ ನನ್ನ ಗಾಬರಿ ನೋಡಿ "ಏನ್ರೀ ಹುಡುಕ್ತೀರಿ?" ಅಂದ. ಸ್ಕೂಟರು ಅಂದೆ, ಆಂಜನೇಯನ ಗುಡಿ ಪಕ್ಕದಲ್ಲಿ ನಿಲ್ಲಿಸಿದ್ದೆ ಅಂದೆ. ಅಜ್ಜ ಚಾಕು ಕೆಳಗಿಟ್ಟು ನಿಧಾನಕ್ಕೆ ಹೇಳಿದ.

"ಆಂಜನೇಯ ಇರೋದು ಮೂಡಲ ಬಾಗಿಲಾಗೆ, ಸಾರ್. ಇದು ಪಡುವಲ ಬಾಗಿಲು."

ಮಗಳು ಸೌತೆಕಾಯಿ ಬುಟ್ಟಿಯ ಪಕ್ಕದಲ್ಲೇ ನೆಲಕ್ಕೆ ಕೂತು ನಗಲು ಶುರುಮಾಡಿದಳು. ಫೋನು ಎತ್ತಿದ್ದೂ ಅವಳೇ.

"ಅಮ್ಮಾ, ಇನ್ನೂ ಲೇಟಾಗುತ್ತೆ. ನಮ್ಮ ಗಾಡಿ ಇನ್ನೊಂದು ಕ್ಯಾಸೆಟ್‌ನಾಗೆ ಐತಂತೆ."